ಕಣ್ಣಿಲ್ಲದ ಪತ್ತೇದಾರ: ಸರ್ ಜಾನ್ ಫೀಲ್ಡಿಂಗ್

ರಾತ್ರಿ ಕರೆಂಟು ಹೋದಾಗ ಬಾಗಳಿಯಂಥ ಊರಿನಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಅಂಗಳದಲ್ಲಿ ಕೆಮ್ಮಿದವರು ಯಾರು, ಬಾಗಿಲಲ್ಲಿ ಚಪ್ಪಲಿ ಬಿಟ್ಟವರು ಯಾರು, ಓಣಿಯ ಕೊನೆಯಲ್ಲಿ ನಗುತ್ತಿರುವವರು ಯಾರು ಎಂದು ದೀಪವಿಲ್ಲದೆಯೇ ಹೇಳಿಬಿಡುತ್ತೇವೆ. ಮನೆಮಂದಿ, ನೆರೆಹೊರೆ, ಗೆಳೆಯರು ಎಂದು ಐವತ್ತು ಅರವತ್ತು ಜನರ ದನಿ ನಮ್ಮೆಲ್ಲರಿಗೂ ಬಾಯಿಪಾಠವಾಗಿರುತ್ತದೆ. ಅದನ್ನು ಯಾರೂ ದೊಡ್ಡ ವಿದ್ಯೆ ಎನ್ನುವುದಿಲ್ಲ. ಆದರೆ ಒಬ್ಬ ಮನುಷ್ಯನಿಗೆ 3000 ಜನರ ದನಿ ಹೀಗೆ ಗೊತ್ತಿದ್ದರೆ? ಆ 3000 ಜನರೂ ಕಳ್ಳರು, ಜೇಬುಗಳ್ಳರು, ದಾರಿಗಳ್ಳರೇ ಆಗಿದ್ದರೆ? ಅಂಥ ಕೀರ್ತಿ ಪಡೆದ ಒಬ್ಬರು ನಿಜವಾಗಿಯೂ ಬದುಕಿದ್ದರು. ಅವರು ಲಂಡನ್ ನಗರದ ಮ್ಯಾಜಿಸ್ಟ್ರೇಟ್ ಆಗಿದ್ದರು. ಅವರಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ.

ಕನ್ನಡದಲ್ಲಿ ಪತ್ತೇದಾರಿ ಕಾದಂಬರಿ ಓದಿದವರಿಗೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಗೊತ್ತು. ಇಂಗ್ಲಿಷಿನಲ್ಲಿ ಓದಿದವರಿಗೆ ಷರ್ಲಾಕ್ ಹೋಮ್ಸ್ ಗೊತ್ತು. ಪತ್ತೇದಾರ ಎಂದಕೂಡಲೇ ಹದ್ದಿನ ಕಣ್ಣಿನವನು, ಭೂತಗನ್ನಡಿ ಹಿಡಿದವನು ಎಂಬ ಚಿತ್ರವೇ ನಮ್ಮ ಮನಸ್ಸಿಗೆ ಬರುವುದು. ಈ ಚಿತ್ರವನ್ನು ತಲೆಕೆಳಗು ಮಾಡಿದವರು ಅರ್ನೆಸ್ಟ್ ಬ್ರಾಮಾ ಎಂಬ ಇಂಗ್ಲಿಷ್ ಲೇಖಕರು. 1914ರಲ್ಲಿ ಅವರು ಮ್ಯಾಕ್ಸ್ ಕ್ಯಾರಡೋಸ್ ಎಂಬ ಕುರುಡ ಪತ್ತೇದಾರನನ್ನು ಪುಸ್ತಕಕ್ಕೆ ತಂದರು. ಆತ ಬೆರಳಿನಿಂದ ಸವರಿಯೇ ಹಳೆಯ ನಾಣ್ಯ ಅಸಲಿಯೋ ನಕಲಿಯೋ ಹೇಳುತ್ತಾನೆ, ಪತ್ರಿಕೆಯ ಶಾಯಿಯ ಉಬ್ಬನ್ನು ಮುಟ್ಟಿ ಸುದ್ದಿ ಓದುತ್ತಾನೆ. ಅಮೆರಿಕದ ಬೇನಾರ್ಡ್ ಕೆಂಡ್ರಿಕ್ 1937ರಲ್ಲಿ ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಕ್ಯಾಪ್ಟನ್ ಮ್ಯಾಕ್ಲೇನ್ ಎಂಬ ಪತ್ತೇದಾರನನ್ನು ಸೃಷ್ಟಿಸಿದರು. 1994ರಲ್ಲಿ ಬ್ರೂಸ್ ಅಲೆಗ್ಸಾಂಡರ್ ಬರೆದ ಬ್ಲೈಂಡ್ ಜಸ್ಟಿಸ್ ಎಂಬ ಕೊಲೆ ರಹಸ್ಯದ ಕಾದಂಬರಿ ಬಂತು. ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಒಬ್ಬ ಶ್ರೀಮಂತ ಗುಂಡೇಟಿನಿಂದ ಸತ್ತು ಬಿದ್ದಿದ್ದಾನೆ, ನೋಡಿದವರಿಗೆಲ್ಲ ಆತ್ಮಹತ್ಯೆ ಎನಿಸುತ್ತದೆ, ಕುರುಡ ಮ್ಯಾಜಿಸ್ಟ್ರೇಟರೊಬ್ಬರು ಮಾತ್ರ ಅದನ್ನು ಒಪ್ಪುವುದಿಲ್ಲ. ಮೊದಲಿನ ಇಬ್ಬರು ಲೇಖಕರು ಪತ್ತೇದಾರನನ್ನು ಕಲ್ಪಿಸಿಕೊಂಡರು. ಮೂರನೆಯವರು ಕೊಲೆಯನ್ನು ಮಾತ್ರ ಕಲ್ಪಿಸಿಕೊಂಡರು. ಪತ್ತೇದಾರ ಇತಿಹಾಸದಲ್ಲೇ ಸಿಕ್ಕಿದ್ದರು. ಅವರೇ ಸರ್ ಜಾನ್ ಫೀಲ್ಡಿಂಗ್.

ಜಾನ್ ಹುಟ್ಟಿದ್ದು 1721ರಲ್ಲಿ. ತಂದೆ ಎಡ್ಮಂಡ್ ಫೀಲ್ಡಿಂಗ್ ಸೈನ್ಯಾಧಿಕಾರಿ. ಟಾಮ್ ಜೋನ್ಸ್ ಎಂಬ ಪ್ರಸಿದ್ಧ ಕಾದಂಬರಿ ಬರೆದ ಹೆನ್ರಿ ಫೀಲ್ಡಿಂಗ್ ಜಾನ್ ಅವರ ಅಣ್ಣ. ತಂದೆ ಒಬ್ಬರೇ, ತಾಯಂದಿರು ಬೇರೆ. ಅಣ್ಣನಿಗೂ ತಮ್ಮನಿಗೂ 14 ವರ್ಷದ ಅಂತರ. ಹುಡುಗ ಜಾನ್ ನೌಕಾಪಡೆಗೆ ಸೇರಿದರು. 19ನೆಯ ವಯಸ್ಸಿನಲ್ಲಿ ಅಲ್ಲಿ ನಡೆದ ಅಪಘಾತದಲ್ಲಿ ಕಣ್ಣು ಹೋಯಿತು. ಅಂದರೆ ಇದನ್ನು ಓದುತ್ತಿರುವ ನಿಮಗಿಂತ ಒಂದೆರಡು ವರ್ಷ ದೊಡ್ಡವರಿದ್ದಾಗ.

ಬ್ರೈಲ್ ಲಿಪಿ ಬರಲು ಇನ್ನೂ ಹೆಚ್ಚುಕಡಿಮೆ ನೂರು ವರ್ಷ ಬಾಕಿ ಇದ್ದ ಕಾಲ ಅದು. ಕಣ್ಣಿಲ್ಲದ ಬಡವನಿಗೆ ಭಿಕ್ಷೆ, ಅನುಕೂಲಸ್ಥನಿಗೆ ಬಂಧುಗಳ ಮನೆಯ ಮೂಲೆ ಎಂಬಂತಿತ್ತು. ನಮ್ಮ ಸೀಮೆಯಲ್ಲಿ ಕಣ್ಣಿಲ್ಲದ ಪ್ರತಿಭಾವಂತರು ಎಂದರೆ ಹೊಳೆಯಾಚೆಯ ಗದುಗಿನ ಪಂಚಾಕ್ಷರಿ ಗವಾಯಿಗಳು ನೆನಪಾಗುತ್ತಾರೆ, ಅದರ ಹಿಂದೆಯೇ ಸಂಗೀತ ನೆನಪಾಗುತ್ತದೆ. ಅದು ತಪ್ಪಲ್ಲ. ಆದರೆ ಕಣ್ಣಿಲ್ಲದವರಿಗೆ ಹಾಡು ಬಿಟ್ಟರೆ ಬೇರೆ ಕೆಲಸವಿಲ್ಲ ಎಂದು ನಾವು ಒಳಗೊಳಗೇ ತೀರ್ಮಾನಿಸಿಬಿಟ್ಟಿರುತ್ತೇವೆ. ಪ್ರವಾದಿಯವರು ಮದೀನಾ ಬಿಟ್ಟು ಹೊರಡುವಾಗ ಊರಿನ ಹೊಣೆಯನ್ನು ಕಣ್ಣು ಕಾಣದ ಇಬ್ನ್ ಉಮ್ಮು ಮಕ್ತೂಮ್ ಅವರಿಗೆ ಒಪ್ಪಿಸಿ ಹೋದದ್ದುಂಟು ಎಂಬುದನ್ನು ನಮ್ಮಲ್ಲಿ ಎಷ್ಟೋ ಜನ ಕೇಳಿದ್ದೇವೆ. ಕೇಳಿ ಅಲ್ಲಿಗೇ ಬಿಟ್ಟಿದ್ದೇವೆ.

ಜಾನ್ ಮೂಲೆ ಹಿಡಿಯಲಿಲ್ಲ. 1750ರಲ್ಲಿ ಅಣ್ಣನ ಜೊತೆ ಸೇರಿ ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯಲ್ಲಿ ಯೂನಿವರ್ಸಲ್ ರಿಜಿಸ್ಟರ್ ಆಫೀಸ್ ಎಂಬ ಕಚೇರಿ ತೆರೆದರು. ಕೆಲಸ ಬೇಕಾದವರು, ಆಳು ಬೇಕಾದವರು, ಮನೆ ಬಾಡಿಗೆಗೆ ಕೊಡುವವರು, ಮಾರುವವರು, ಕೊಳ್ಳುವವರು ಎಲ್ಲರೂ ಅಲ್ಲಿಗೆ ಬಂದು ಹೆಸರು ಬರೆಸಬೇಕು. ಸಣ್ಣ ಶುಲ್ಕ ಕೊಟ್ಟರೆ ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರ ಬಳಿ ಇದೆಯೇ ಎಂದು ದಫ್ತರ ನೋಡಿ ಹೇಳುತ್ತಿದ್ದರು. ಆಳಿನ ಹೆಸರೇನು, ಮೊದಲು ಯಾರ ಮನೆಯಲ್ಲಿದ್ದ, ಯಾಕೆ ಬಿಟ್ಟ, ನಡತೆ ಹೇಗೆ? ಇಂಥ ವಿವರ ಪುಸ್ತಕಕ್ಕೆ ಏರುತ್ತಿತ್ತು. ಇದು ಪತ್ತೇದಾರಿ ಕಥೆಯ ಆರಂಭದಂತೆ ಕಾಣುವುದಿಲ್ಲ, ಒಣ ಗುಮಾಸ್ತಿಕೆಯಂತೆ ಕಾಣುತ್ತದೆ. ಆದರೆ ಮುಂದೆ ಅವರು ಮಾಡಿದ್ದೆಲ್ಲ ಈ ಕಚೇರಿಯಲ್ಲೇ ಮೊಳೆತದ್ದು ಎಂದು ನನಗೆ ತೋರುತ್ತದೆ. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲ, ಎರಡನ್ನೂ ಒಂದು ಕಡೆ ಬರೆದಿಟ್ಟರೆ ಗಂಟು ತಾನಾಗಿ ಬಿಚ್ಚುತ್ತದೆ ಎಂಬ ಪಾಠ ಅದು.

ಅಷ್ಟರಲ್ಲಿ ಹೆನ್ರಿ ಲಂಡನ್ನಿನ ಬೋ ಸ್ಟ್ರೀಟಿನಲ್ಲಿ ಮ್ಯಾಜಿಸ್ಟ್ರೇಟರಾಗಿದ್ದರು. ತಮ್ಮ ಅವರಿಂದ ಕಾನೂನು ಕಲಿತರು, ಅವರ ಸಹಾಯಕರಾದರು, ತಾವೂ ಮ್ಯಾಜಿಸ್ಟ್ರೇಟರಾದರು.

ಆಗಿನ ಲಂಡನ್ನಿನಲ್ಲಿ 6 ಲಕ್ಷಕ್ಕೂ ಹೆಚ್ಚು ಜನ. ಪೊಲೀಸ್ ಠಾಣೆ ಎಂಬುದೇ ಇರಲಿಲ್ಲ. ಪೇಟೆಪೇಟೆಗೆ ಒಬ್ಬಿಬ್ಬರು ಕಾನ್‌ಸ್ಟೇಬಲ್, ಲಾಟೀನು ಹಿಡಿದ ಮುದಿ ಕಾವಲುಗಾರರು, ಅಷ್ಟೇ. ಕಳುವಾದರೆ ಕಳಕೊಂಡವನೇ ಕಳ್ಳನನ್ನು ಹುಡುಕಬೇಕು. ಅದಕ್ಕಾಗಿ ಕಳ್ಳರನ್ನು ಹಿಡಿದುಕೊಡುವ ದಲ್ಲಾಳಿಗಳು ಹುಟ್ಟಿಕೊಂಡಿದ್ದರು. ದರೋಡೆಕೋರನಿಗೆ ಶಿಕ್ಷೆಯಾದರೆ ಹಿಡಿದುಕೊಟ್ಟವನಿಗೆ ಸರ್ಕಾರ 40 ಪೌಂಡ್ ಇನಾಮು ಕೊಡುತ್ತಿತ್ತು. ಇನಾಮಿನ ಆಸೆಗೆ ಏನಾಯಿತೆಂದರೆ, ಮ್ಯಾಕ್‌ಡೇನಿಯಲ್ ಎಂಬವನ ತಂಡದವರು ಕೆಲಸವಿಲ್ಲದ ಎಳೆಯ ಹುಡುಗರನ್ನು ಪುಸಲಾಯಿಸಿ ದರೋಡೆ ಮಾಡಿಸುವುದು, ತಾವೇ ಹಿಡಿದುಕೊಟ್ಟು ಗಲ್ಲಿಗೆ ಏರಿಸುವುದು, ಇನಾಮು ಹಂಚಿಕೊಳ್ಳುವುದು! 1754ರಲ್ಲಿ ಈ ಸಂಗತಿ ಹೊರಬಿತ್ತು. ಸಣ್ಣಪುಟ್ಟ ಕಳ್ಳತನಕ್ಕೂ ಗಲ್ಲು ಬೀಳಬಹುದಾಗಿದ್ದ ದೇಶದಲ್ಲಿ ಪತ್ತೆ ಕೆಲಸ ಸುಳ್ಳಾದರೆ ಒಂದು ಜೀವವೇ ಹೋಗುತ್ತಿತ್ತು.

ಹೆನ್ರಿ 1749ರಲ್ಲಿ ನಂಬಿಕಸ್ಥರಾದ ಆರೇಳು ಜನರನ್ನು ಸೇರಿಸಿ ಒಂದು ಪುಟ್ಟ ಪಡೆ ಕಟ್ಟಿದ್ದರು. ಜನ ಅವರನ್ನು ಬೋ ಸ್ಟ್ರೀಟ್ ರನ್ನರ್ಸ್ ಎಂದು ಕರೆದರು. 1754ರಲ್ಲಿ ಆರೋಗ್ಯ ಪೂರ್ತಿ ಕೆಟ್ಟು ಹೆನ್ರಿ ಪೋರ್ಚುಗಲ್ಲಿನ ಲಿಸ್ಬನ್ನಿಗೆ ಹೋದರು, ಅಕ್ಟೋಬರಿನಲ್ಲಿ ಅಲ್ಲೇ ತೀರಿಕೊಂಡರು. ಬೋ ಸ್ಟ್ರೀಟಿನ ಪೀಠ 33 ವರ್ಷದ ಕುರುಡ ತಮ್ಮನ ಪಾಲಿಗೆ ಬಂತು. ಮುಂದಿನ 26 ವರ್ಷ ಅವರು ಅದನ್ನು ಬಿಡಲಿಲ್ಲ.

ಕಣ್ಣಿನ ಮೇಲೆ ಕಪ್ಪು ಪಟ್ಟಿ ಕಟ್ಟಿಕೊಂಡು ಕೂತ ಮ್ಯಾಜಿಸ್ಟ್ರೇಟರನ್ನು ನೋಡಲೆಂದೇ ಜನ ಬರುತ್ತಿದ್ದರು. 1762ರಲ್ಲಿ ನೆಥಾನಿಯಲ್ ಹೋನ್ ಎಂಬ ಚಿತ್ರಕಾರ ಬರೆದ ಅವರ ಚಿತ್ರ ಈಗಲೂ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಸಂಗ್ರಹದಲ್ಲಿದೆ. ಕಳ್ಳರ ಬಾಯಲ್ಲಿ ಅವರಿಗೆ ಬ್ಲೈಂಡ್ ಬೀಕ್ ಎಂಬ ಅಡ್ಡಹೆಸರು ಬಿತ್ತು. ಬೀಕ್ ಎಂದರೆ ಅಲ್ಲಿನ ಆಡುಮಾತಿನಲ್ಲಿ ಮ್ಯಾಜಿಸ್ಟ್ರೇಟ್. ದನಿ ಕೇಳಿಯೇ 3000 ಅಪರಾಧಿಗಳನ್ನು ಗುರುತಿಸಬಲ್ಲರು ಎಂಬ ಮಾತು ಊರೆಲ್ಲ ಹಬ್ಬಿತು.

ಈ 3000 ಎಂಬುದು ಯಾರೋ ಎಣಿಸಿ ಬರೆದ ಲೆಕ್ಕವಲ್ಲ, ಜನ ಆಡಿಕೊಂಡ ಮಾತು. ಹಾಗೆಂದು ಅದರ ಹಿಂದೆ ಪವಾಡ ಹುಡುಕಬೇಕಾಗಿಲ್ಲ. ಅಂದಿನ ಕಳ್ಳನಿಗೆ ಹೆಸರು ಬದಲಿಸುವುದು ಸುಲಭ. ಆಧಾರ್ ಕಾರ್ಡಿಲ್ಲ, ಫೋಟೋ ಇಲ್ಲ, ಬೆರಳಚ್ಚು ಇಲ್ಲ. ಟೋಪನ್ನು ಬದಲಿಸಿದರೆ, ಕೋಟು ಬದಲಿಸಿದರೆ, ಗಡ್ಡ ಬೋಳಿಸಿದರೆ ಕಣ್ಣಿದ್ದವರು ಮೋಸ ಹೋಗುತ್ತಾರೆ. ದನಿ ಬದಲಿಸುವುದು ಕಷ್ಟ. ಹೆದರಿದಾಗಲಂತೂ ಅಸಲಿ ದನಿಯೇ ಬಾಯಿಗೆ ಬರುತ್ತದೆ. ದಿನವೂ ಅದೇ ಪೀಠದಲ್ಲಿ ಕೂತು, ಮುಖ ನೋಡುವ ಆಮಿಷವಿಲ್ಲದೆ, ಬರೀ ಮಾತನ್ನೇ ಆಲಿಸುವವರಿಗೆ ಎರಡನೆಯ ಸಲ ಬಂದವನು ಸಿಕ್ಕಿಬೀಳುವುದರಲ್ಲಿ ಆಶ್ಚರ್ಯವಿಲ್ಲ.

1761ರಲ್ಲಿ ಜಾನ್ ಫೀಲ್ಡಿಂಗ್ ಅವರಿಗೆ ಸರ್ ಪದವಿ ಬಂತು. ಅದೇ ವರ್ಷ ಇತ್ತ ಶ್ರೀರಂಗಪಟ್ಟಣದಲ್ಲಿ ಮೈಸೂರಿನ ಆಡಳಿತ ಹೈದರಾಲಿಯವರ ಕೈಗೆ ಬಂದಿತ್ತು. ಹೈದರಾಲಿಯವರಿಗೆ ಓದುಬರಹ ಬರುತ್ತಿರಲಿಲ್ಲ. ಆದರೆ ಅವರ ನೆನಪಿನ ಶಕ್ತಿಗೆ ಶತ್ರುಗಳೂ ತಲೆದೂಗಿದ್ದಾರೆ. ಒಬ್ಬನು ಓದಿದ್ದನ್ನು ಕೇಳುತ್ತ, ಇನ್ನೊಬ್ಬನಿಗೆ ಉತ್ತರ ಬರೆಸುತ್ತ, ಮಧ್ಯೆ ಲೆಕ್ಕ ವಿಚಾರಿಸುತ್ತ ದರ್ಬಾರು ನಡೆಸುತ್ತಿದ್ದರಂತೆ. ಒಬ್ಬರು ಲಂಡನ್ನಿನ ಕುರುಡ ಮ್ಯಾಜಿಸ್ಟ್ರೇಟ್, ಇನ್ನೊಬ್ಬರು ನಮ್ಮ ನಾಡಿನ ದಳವಾಯಿ. ಇಬ್ಬರಿಗೂ ಹಾಳೆಯ ಮೇಲಿನ ಅಕ್ಷರ ನಿಲುಕದು. ಕೇಳಿದ್ದನ್ನು ಮರೆಯುವ ಐಷಾರಾಮ ಇಬ್ಬರಿಗೂ ಇರಲಿಲ್ಲ. ಓದಿದ್ದು ಪರೀಕ್ಷೆಯ ದಿನವೇ ಮರೆತುಹೋಗುತ್ತದೆ ಎಂದು ದೂರುವ ನಾವು ಇದನ್ನು ಸ್ವಲ್ಪ ಯೋಚಿಸಬಹುದು.

ಆದರೆ ಸರ್ ಜಾನ್ ತಮ್ಮ ನೆನಪೊಂದನ್ನೇ ನಂಬಿ ಕೂರಲಿಲ್ಲ, ಅದೇ ಅವರ ದೊಡ್ಡತನ. ಕಥೆಯಲ್ಲಿ ಮ್ಯಾಕ್ಸ್ ಕ್ಯಾರಡೋಸ್‌ಗೆ ಪಾರ್ಕಿನ್ಸನ್ ಎಂಬ ಸೇವಕ ಕಣ್ಣಾಗಿರುತ್ತಾನೆ. ಬೋ ಸ್ಟ್ರೀಟಿನಲ್ಲಿ ಆ ಕೆಲಸವನ್ನು ಗುಮಾಸ್ತರು, ರನ್ನರ್‌ಗಳು, ಪತ್ರಿಕೆ ಓದುವ ಜನ ಎಲ್ಲರೂ ಹಂಚಿಕೊಂಡು ಮಾಡಿದರು. ಕಳುವಾದ ಕೂಡಲೇ ಬೋ ಸ್ಟ್ರೀಟಿಗೆ ಬಂದು ವಿವರ ಬರೆಸಿ ಎಂದು ಅವರು ಜನರಿಗೆ ಮತ್ತೆ ಮತ್ತೆ ತಿಳಿಸಿದರು. ಗಡಿಯಾರವಾದರೆ ಯಾರು ಮಾಡಿದ್ದು, ಯಾವ ಗುರುತು, ಕುದುರೆಯಾದರೆ ಬಣ್ಣವೇನು, ಹಣೆಯ ಮೇಲೆ ಬೊಟ್ಟಿದೆಯೇ, ಕಳ್ಳನ ಎತ್ತರ, ಉಡುಪು, ಮಾತಿನ ಧಾಟಿ ಎಲ್ಲವೂ ಬೇಕು. ಅದು ದಫ್ತರಕ್ಕೆ ಏರುತ್ತಿತ್ತು, ಪಬ್ಲಿಕ್ ಅಡ್ವರ್ಟೈಸರ್ ಎಂಬ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಗಿರವಿ ಅಂಗಡಿಯವರು, ಲಾಯದವರು, ಹೋಟೆಲಿನವರು ಅದನ್ನು ಓದಿ ಸುಳಿವು ಕೊಡುತ್ತಿದ್ದರು.

1755ರಲ್ಲಿ ಅವರು ಪ್ರಕಟಿಸಿದ ಯೋಜನೆ ಲಂಡನ್ನಿನ ಸುತ್ತ 20 ಮೈಲಿಯ ದಾರಿಗಳದ್ದು. ಹರಪನಹಳ್ಳಿಯಿಂದ ಕೊಟ್ಟೂರಿನವರೆಗೆ ಎಂದುಕೊಳ್ಳಿ, ಹೆಚ್ಚುಕಡಿಮೆ ಅಷ್ಟು ದೂರ. ದಾರಿಯಲ್ಲಿ ದರೋಡೆಯಾದರೆ ಒಬ್ಬ ಸವಾರ ಕಳ್ಳನ ಚಹರೆ ಬರೆದ ಚೀಟಿ ಹಿಡಿದು ಬೋ ಸ್ಟ್ರೀಟಿಗೆ ಓಡಬೇಕು. ಓಡುತ್ತ ದಾರಿಯ ಸುಂಕದ ಗೇಟುಗಳಿಗೂ ಛತ್ರಗಳಿಗೂ ಸುದ್ದಿ ಮುಟ್ಟಿಸುತ್ತ ಹೋಗಬೇಕು. ಖರ್ಚನ್ನು ಆ ಭಾಗದ ಮನೆಯವರು ಚಂದಾ ಹಾಕಿ ಕೊಡಬೇಕು. 1763ರಲ್ಲಿ ಕುದುರೆ ಸವಾರರ ಗಸ್ತು ಆರಂಭವಾಯಿತು. ದಾರಿಗಳ್ಳತನ ಕಡಿಮೆಯಾಗುತ್ತಿದ್ದಂತೆ ಸರ್ಕಾರ, ಇನ್ನೇಕೆ ಖರ್ಚು ಎಂದು ಒಂದೂವರೆ ವರ್ಷದಲ್ಲಿ ಹಣ ನಿಲ್ಲಿಸಿತು. ಮಳೆ ನಿಂತಿತೆಂದು ಮಾಳಿಗೆ ಕಿತ್ತ ಹಾಗೆ! 1772ರಲ್ಲಿ ಅವರು ಇಡೀ ದೇಶದ ಮ್ಯಾಜಿಸ್ಟ್ರೇಟರಿಗೆ ಬರೆದು, ತಪ್ಪಿಸಿಕೊಂಡ ಅಪರಾಧಿಗಳ ವಿವರವನ್ನು ಒಂದೇ ಕಡೆ ಸೇರಿಸಿ ಮುದ್ರಿಸಿ ಊರೂರಿಗೆ ಕಳಿಸುವ ಏರ್ಪಾಡು ಮಾಡಿದರು.

ಅವರ ಇನ್ನೊಂದು ಪದ್ಧತಿ ಬುಧವಾರದ ಮರುವಿಚಾರಣೆ. ಒಬ್ಬನ ಬಳಿ ಬೆಲೆಬಾಳುವ ವಸ್ತು ಸಿಕ್ಕಿದೆ, ಯಾರದೆಂದು ಗೊತ್ತಿಲ್ಲ ಎನ್ನಿ. ಸರ್ ಜಾನ್ ಅವನನ್ನು ಬಂಧನದಲ್ಲಿಟ್ಟು ಪತ್ರಿಕೆಯಲ್ಲಿ ಸುದ್ದಿ ಹಾಕಿಸುತ್ತಿದ್ದರು. ಕಳಕೊಂಡವರೆಲ್ಲ ಬುಧವಾರ ಬಂದು ವಸ್ತುವನ್ನೂ ಆಳನ್ನೂ ನೋಡಬೇಕು. ತುಂಬಿದ ಕೋಣೆ, ಬಾಗಿಲು ತೆರೆದೇ ಇರುತ್ತಿತ್ತು. ನೋಡುವವರು ನೋಡುತ್ತಿದ್ದರು, ಮ್ಯಾಜಿಸ್ಟ್ರೇಟರು ಆಲಿಸುತ್ತಿದ್ದರು.

ಇದರಿಂದ ಬಹಳ ಕಳ್ಳರು ಸಿಕ್ಕಿದರು. ಆದರೆ ವಿಚಾರಣೆಯ ವರದಿ ಮಾರನೆಯ ದಿನವೇ ಪತ್ರಿಕೆಯಲ್ಲಿ ಬರುತ್ತಿತ್ತು. ನಿಜವಾದ ತೀರ್ಪು ಕೊಡಬೇಕಾದ ಜ್ಯೂರಿಯವರು ಅದನ್ನು ಓದಿಕೊಂಡೇ ಬರುತ್ತಿದ್ದರು. ಅಪರಾಧ ಸಾಬೀತಾಗುವ ಮೊದಲೇ ಮನುಷ್ಯನ ಮಾನ ಬೀದಿಗೆ ಬಂತಲ್ಲ ಎಂದು ಆ ಕಾಲದಲ್ಲೇ ಹಲವರು ಆಕ್ಷೇಪಿಸಿದರು. ಆ ಆಕ್ಷೇಪ ನ್ಯಾಯವಾದದ್ದು. ಯಾರದೋ ಫೋಟೋ ಮೊಬೈಲಿನಲ್ಲಿ ಹಂಚಿ, ಇವನೇ ಕಳ್ಳ ಎಂದು ನಾವು ಒಂದು ನಿಮಿಷದಲ್ಲಿ ತೀರ್ಮಾನಿಸುವುದಕ್ಕೂ ಇದಕ್ಕೂ ದೂರದ ನೆಂಟಸ್ತಿಕೆ ಇದೆ.

ಪತ್ತೇದಾರಿ ಕಾದಂಬರಿಗೆ ಕೊಲೆ ಬೇಕೇ ಬೇಕು. ಬೋ ಸ್ಟ್ರೀಟಿಗೆ ಬಂದ ಕೊಲೆ ಪ್ರಕರಣಗಳಲ್ಲಿ ಒಂದನ್ನು ಹೇಳುತ್ತೇನೆ. 1769ರ ಅಕ್ಟೋಬರ್ 6ರ ಸಂಜೆ, ಜುಸೆಪ್ಪೆ ಬರೆಟ್ಟಿ ಎಂಬ ಇಟಲಿಯ ವಿದ್ವಾಂಸರು ಲಂಡನ್ನಿನ ಹೇಮಾರ್ಕೆಟ್ ಬೀದಿಯಲ್ಲಿ ಹೋಗುತ್ತಿದ್ದಾಗ ಒಬ್ಬ ಹೆಂಗಸು ಅವರ ಮೈಮೇಲೆ ಕೈಹಾಕಿದಳು. ಅವರು ಪ್ರತಿಯಾಗಿ ಹೊಡೆದದ್ದೇ ತಡ, ಮೂವರು ಗಂಡಸರು ಅವರ ಮೇಲೆ ಬಿದ್ದರು. ಬರೆಟ್ಟಿಯವರ ದೃಷ್ಟಿ ಬಹಳ ಮಂದ. ಓಡಿದರು, ಬೆನ್ನಟ್ಟಿದರು, ಕಿಸೆಯಲ್ಲಿದ್ದ ಹಣ್ಣು ಕೊಯ್ಯುವ ಚಾಕು ತೆಗೆದು ಬೀಸಿದರು. ಒಬ್ಬ ಇರಿತದಿಂದ ಸತ್ತ. ಅವರನ್ನು ಸರ್ ಜಾನ್ ಅವರ ಮುಂದೆ ತಂದರು. ಪರದೇಶಿ, ಕೈಯಲ್ಲಿ ಚಾಕು, ಸತ್ತವನು ಇಂಗ್ಲಿಷಿನವನು. ಜನರ ಮನಸ್ಸು ಎತ್ತ ವಾಲುತ್ತದೆ ಎಂದು ಹೇಳಬೇಕಾಗಿಲ್ಲ. ಸರ್ ಜಾನ್ ಅವರನ್ನು ಬಿಟ್ಟುಬಿಡಲಿಲ್ಲ, ವಿಚಾರಣೆಗೆ ಒಪ್ಪಿಸಿದರು. ಅದೇ ತಿಂಗಳ 20ರಂದು ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ಸ್ಯಾಮ್ಯುಯಲ್ ಜಾನ್ಸನ್, ಎಡ್ಮಂಡ್ ಬರ್ಕ್, ಆಲಿವರ್ ಗೋಲ್ಡ್‌ಸ್ಮಿತ್‌ರಂಥವರು ಬರೆಟ್ಟಿಯವರ ನಡತೆಗೆ ಸಾಕ್ಷಿ ನುಡಿದರು. ಪ್ರಾಣ ಉಳಿಸಿಕೊಳ್ಳಲು ಮಾಡಿದ್ದು ಎಂದು ಜ್ಯೂರಿ ಅವರನ್ನು ಬಿಡುಗಡೆ ಮಾಡಿತು. ದೊಡ್ಡವರ ಸ್ನೇಹವಿಲ್ಲದ ಒಬ್ಬ ಪರದೇಶಿ ಕೂಲಿ ಆ ಜಾಗದಲ್ಲಿ ನಿಂತಿದ್ದರೆ ಏನಾಗುತ್ತಿತ್ತೋ ಎಂಬ ಯೋಚನೆ ನನಗೆ ಬರುತ್ತದೆ.

ಕಟಕಟೆಗೆ ಬರುವವರಲ್ಲಿ ಎಳೆಯ ಮಕ್ಕಳೇ ಎಷ್ಟು ಎಂಬುದು ಸರ್ ಜಾನ್ ಅವರ ಕಿವಿಗೆ ಬೀಳದಿರಲಿಲ್ಲ. ದನಿ ಒಡೆಯದ ಹುಡುಗರು ಅವರು. ಬೀದಿಪಾಲಾದ ಹುಡುಗರಿಗೆ ಬಟ್ಟೆ ಕೊಟ್ಟು ಹಡಗಿನ ಕೆಲಸಕ್ಕೆ ಸೇರಿಸಲು ಅವರು ಮುಂದಾದರು. 1756ರಲ್ಲಿ ಜೋನಾಸ್ ಹಾನ್‌ವೇ ಮೊದಲಾದವರು ಸ್ಥಾಪಿಸಿದ ಮರೀನ್ ಸೊಸೈಟಿ ಈ ಕೆಲಸ ನಡೆಸಿತು. ಅದು ಯುದ್ಧದ ಕಾಲ, ಗಲ್ಲಿನಿಂದ ತಪ್ಪಿಸಿ ಫಿರಂಗಿಯ ಬಾಯಿಗೆ ಕಳಿಸಿದಂತಾಯಿತೇನೋ ಎಂದೂ ಕೇಳಬಹುದು. 1758ರಲ್ಲಿ ಲ್ಯಾಂಬೆತ್‌ನಲ್ಲಿ ಅನಾಥ ಹೆಣ್ಣುಮಕ್ಕಳ ಆಶ್ರಮ ಆರಂಭವಾದದ್ದರ ಹಿಂದೆಯೂ ಅವರಿದ್ದರು.

ದೊಡ್ಡವರ ಜೀವನ ಬರೆಯುವಾಗ ಕುಂದುಗಳನ್ನು ಮುಚ್ಚಿಡುವ ರೂಢಿ ನಮ್ಮಲ್ಲಿದೆ. ಸರ್ ಜಾನ್ ಅವರ ವಿಷಯದಲ್ಲಿ ಹಾಗೆ ಮಾಡಿದರೆ ಸುಳ್ಳಾಗುತ್ತದೆ. ವೆಸ್ಟ್ ಇಂಡೀಸ್ ತೋಟಗಳ ಒಡೆಯರು ಕಪ್ಪು ಗುಲಾಮರನ್ನು ಲಂಡನ್ನಿಗೆ ತರುತ್ತಿದ್ದರು. ಅಲ್ಲಿ ಅವರು ತಾವೂ ಮನುಷ್ಯರೆಂದು ಸಂಬಳ ಕೇಳುತ್ತಿದ್ದರು, ಯಜಮಾನರನ್ನು ಬಿಟ್ಟು ಹೋಗುತ್ತಿದ್ದರು. 1768ರಲ್ಲಿ ಬರೆದ ಪುಸ್ತಕದಲ್ಲಿ ಸರ್ ಜಾನ್ ಇದನ್ನು ಕಿರುಕುಳವೆಂದು ದೂರಿದರು, ಗುಲಾಮರ ಪರ ನಿಲ್ಲಲಿಲ್ಲ. ಇಷ್ಟು ಸೂಕ್ಷ್ಮವಾದ ಕಿವಿಗೆ ಆ ದನಿ ಕೇಳಿಸಲಿಲ್ಲ. 1773ರಲ್ಲಿ, ಬೆಗ್ಗರ್ಸ್ ಆಪೆರಾ ಎಂಬ ಜನಪ್ರಿಯ ನಾಟಕ ಆಡಿದಾಗಲೆಲ್ಲ ಕಳ್ಳರು ಹೆಚ್ಚುತ್ತಾರೆ, ನಿಲ್ಲಿಸಿ ಎಂದು ನಟ ಗ್ಯಾರಿಕ್ ಅವರನ್ನು ಕೇಳಿಕೊಂಡರು. ಸಿನಿಮಾ ನೋಡಿ ಹುಡುಗರು ಕೆಡುತ್ತಾರೆ ಎನ್ನುವ ಹಿರಿಯರು ಅಂದೂ ಇದ್ದರು ಎಂದಾಯಿತು.

1778ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ಅಲ್ಪಸಂಖ್ಯಾತರಾದ ಕ್ಯಾಥೊಲಿಕರ ಮೇಲಿದ್ದ ಕೆಲವು ನಿರ್ಬಂಧಗಳನ್ನು ಸಡಿಲಿಸಿತು. ಅದನ್ನು ರದ್ದು ಮಾಡಬೇಕೆಂದು ಲಾರ್ಡ್ ಜಾರ್ಜ್ ಗಾರ್ಡನ್ ಎಂಬಾತ 1780ರ ಜೂನ್ 2ರಂದು ಸಾವಿರಾರು ಜನರನ್ನು ಸೇರಿಸಿ ಪಾರ್ಲಿಮೆಂಟಿಗೆ ಮೆರವಣಿಗೆ ಹೊರಟ. ಮೆರವಣಿಗೆ ಗಲಭೆಯಾಯಿತು. ಕ್ಯಾಥೊಲಿಕರ ಪ್ರಾರ್ಥನಾಮಂದಿರಗಳಿಗೂ ಮನೆಗಳಿಗೂ ಬೆಂಕಿ ಬಿತ್ತು, ನ್ಯೂಗೇಟ್ ಜೈಲು ಸುಟ್ಟುಹೋಯಿತು. ಗಲಭೆಯಲ್ಲಿ ಸಿಕ್ಕಿಬಿದ್ದ ಕೆಲವರನ್ನು ಬೋ ಸ್ಟ್ರೀಟಿನಿಂದ ಜೈಲಿಗೆ ಕಳಿಸಿದ್ದರು. ಆ ಸಿಟ್ಟಿಗೆ ಗುಂಪು ಅಲ್ಲಿಗೂ ನುಗ್ಗಿತು. ಮನೆಯೂ ಕಚೇರಿಯೂ ಒಂದೇ ಕಟ್ಟಡ. ಸಾಮಾನನ್ನೆಲ್ಲ ಬೀದಿಗೆ ಎಳೆದು ಸುಟ್ಟರು. ವರ್ಷಗಳ ಕಾಲ ಗುಮಾಸ್ತರು ಬರೆದಿಟ್ಟಿದ್ದ ದಫ್ತರಗಳೂ ಅದರಲ್ಲಿ ಬೂದಿಯಾದವು. ಬೋ ಸ್ಟ್ರೀಟಿನ ಆ ಕಾಲದ ಕೆಲಸವನ್ನು ಇಂದು ಇತಿಹಾಸಕಾರರು ಹಳೆಯ ಪತ್ರಿಕೆಗಳಿಂದ ಹೆಕ್ಕಿ ಕಟ್ಟಬೇಕಾಗಿರುವುದು ಇದೇ ಕಾರಣಕ್ಕೆ.

ಸರ್ ಜಾನ್ ಆಗ ಕಾಯಿಲೆಯಿಂದ ಊರ ಹೊರಗಿನ ಬ್ರಾಂಪ್ಟನ್‌ನಲ್ಲಿದ್ದರು. ಮೂರು ತಿಂಗಳ ನಂತರ, 1780ರ ಸೆಪ್ಟೆಂಬರ್ 4ರಂದು, ಅಲ್ಲೇ ತೀರಿಕೊಂಡರು. ಅದಾದ ಆರನೆಯ ದಿನ ಕಂಚಿಯ ಹತ್ತಿರದ ಪೊಳ್ಳಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪು ಇಂಗ್ಲಿಷ್ ಸೈನ್ಯವನ್ನು ಸೋಲಿಸಿದರು. ಆ ಸುದ್ದಿ ಹಡಗು ಹತ್ತಿ ಲಂಡನ್ ತಲುಪುವ ಹೊತ್ತಿಗೆ ಬೋ ಸ್ಟ್ರೀಟಿನ ಪೀಠದಲ್ಲಿ ಬೇರೊಬ್ಬರು ಕೂತಿದ್ದರು.

ರನ್ನರ್‌ಗಳ ಪಡೆ 1839ರವರೆಗೆ ಕೆಲಸ ಮಾಡಿತು. ಸರ್ ಜಾನ್ 1772ರಲ್ಲಿ ಆರಂಭಿಸಿದ ಆ ಮುದ್ರಿತ ಹಾಳೆ ಹೆಸರು ಬದಲಿಸಿಕೊಳ್ಳುತ್ತ ಮುಂದುವರಿದು, ಪೊಲೀಸ್ ಗೆಜೆಟ್ ಎಂಬ ಹೆಸರಿನಲ್ಲಿ ಬ್ರಿಟನ್ನಿನ ಠಾಣೆಠಾಣೆಗೂ ಹೋಗತೊಡಗಿತು.